ಮಧುಗಿರಿ ಸೀಮೆಯ ಕಾಡುಮೊಲ: ಇರೋದು ಒಂದೇ ಜಾತಿನಾ, ಎರಡಾ?

ಹುರುಳಿಹೊಲ (ಮಧುಗಿರಿ)

ಎಲ್ಲರಿಗೂ ನಮಸ್ಕಾರ. ನಮ್ಮ ಹೊಲ ಮೈದನಹಳ್ಳಿ ಕೃಷ್ಣಮೃಗದ ಹುಲ್ಲುಗಾವಲಿಗೆ ಹತ್ತಿರ. ಮೊಲಕ್ಕೇನೂ ಬರ ಇಲ್ಲ. ಹುರುಳಿ ಚಿಗುರು ಬಿಟ್ಟರೆ ಸಾಕು, ಸಾಯಂಕಾಲ ಬದುವಿನ ಮೇಲೆ ಒಂದೋ ಎರಡೋ ಕೂತಿರ್ತವೆ. ಇತ್ತೀಚೆಗೆ ತೆಗೆದ ಮೂರು ಫೋಟೊ ಹಾಕಿದೀನಿ, ಬಲ್ಲವರು ನೋಡಿ ಹೇಳಿ.

ಮೊದಲನೇದು ಓಡೋಕೆ ಎದ್ದಿರೋದು. ಕತ್ತಿನ ಹಿಂದೆ ಮಸಿ ಬಳಿದ ಹಾಗೆ ಕಪ್ಪು ಪಟ್ಟೆ, ಎದ್ದು ಕಾಣ್ತದೆ. ಎರಡನೇದು ತಂಗಡಿ ಗಿಡದ ಬುಡದಲ್ಲಿ ಮುದುರಿಕೊಂಡು ಮಲಗಿತ್ತು. ಅದರ ಕತ್ತಲ್ಲಿ ಕಪ್ಪೇ ಇಲ್ಲ, ಮೈಯೆಲ್ಲ ಕಂದು. ಮೂರನೇದು ರಾತ್ರಿ ಬೈಕ್ ಲೈಟಿಗೆ ಅಡ್ಡ ಬಂದಿದ್ದು, ಕೆಂಚು ಬಣ್ಣ, ಆಕಾರದಲ್ಲೂ ದೊಡ್ಡದು. ನಮ್ಮೂರಲ್ಲಿ ಹಿರೀಕರು ಕರಿಕತ್ತಿಂದು ಬೇರೆ, ಕೆಂಚಂದು ಬೇರೆ ಅಂತಾರೆ. ಇವು ನಿಜವಾಗ್ಲೂ ಎರಡು ಜಾತಿನಾ? ಬೇರೆ ಮಾಡಿ ಗುರುತಿಸೋದು ಹೆಂಗೆ?

ಅಂತರಗಂಗೆ ದಾರಿ (ಕೋಲಾರ)

ಎರಡು ಜಾತಿ ಅಂತಲೇ ನನಗೂ ಅನ್ನಿಸ್ತದೆ ಅಣ್ಣ. ನಮ್ಮ ಬೆಟ್ಟದ ಬಂಡೆ ಸಾಲಲ್ಲಿ ಬೆಳಗಿನ ಜಾವ ಕಾಣೋದು ಬೂದು ಬಣ್ಣದ್ದು, ಕೆಳಗೆ ಕೆಂಪು ಮಣ್ಣಿನ ಹೊಲದಲ್ಲಿ ಕಾಣೋದು ಕೆಂಚಂದು. ನೆಟ್ಟಲ್ಲಿ ಹುಡುಕಿದರೆ 'ಭಾರತದ ಮೊಲ' ಅಂತ ಬರೋ ಫೋಟೊಗಳಲ್ಲಿ ಬಾಲದ ಮೇಲ್ಭಾಗ ಕಂದು ಇರೋವು ಎಷ್ಟೋ ಅವೆ. ನಮ್ಮಲ್ಲಿ ಕಂಡಿರೋದರ ಬಾಲ ಕಪ್ಪು. ಒಂದೇ ಜಾತಿ ಆದರೆ ಬಾಲದ ಬಣ್ಣ ಯಾಕೆ ಬೇರೆ ಆಗ್ತದೆ?

ಬಯಲುಸೀಮೆ ನೋಟ (ತುಮಕೂರು)

ಇಬ್ಬರೂ ಒಳ್ಳೆ ಪ್ರಶ್ನೆ ಎತ್ತಿದ್ದೀರಿ. ಸ್ವಲ್ಪ ಉದ್ದ ಬರೀತೀನಿ, ಸಹಿಸಿಕೊಳ್ಳಿ.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಜಿಲ್ಲೆಯಲ್ಲಿ ಹುಟ್ಟಿ ಬೆಳೆಯೋ ಕಾಡುಮೊಲ ಒಂದೇ ಜಾತಿ. ವೈಜ್ಞಾನಿಕ ಹೆಸರು ಲೆಪಸ್ ನೈಗ್ರಿಕಾಲಿಸ್, 1823ರಲ್ಲಿ ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ಫ್ರೆಡರಿಕ್ ಕುವಿಯೆ ಕೊಟ್ಟಿದ್ದು. ಕಿವಿ ಬುಡದಿಂದ ಭುಜದ ಕಡೆಗೆ ಇಳಿಯೋ ಕಪ್ಪು ಪಟ್ಟೆ, ಮೇಲೆ ಕಪ್ಪು, ಕೆಳಗೆ ಬಿಳಿ ಇರೋ ಬಾಲ: ಈ ಎರಡೇ ಅದರ ಮುಖ್ಯ ಗುರುತು.

ಹುರುಳಿಹೊಲ ಅವರೇ, ನಿಮ್ಮ ಎರಡನೇ ಫೋಟೊ ದೊಡ್ಡದು ಮಾಡಿ ನೋಡಿ. ಅದು ಹಕ್ಕೆಯಲ್ಲಿ, ಅಂದರೆ ಹುಲ್ಲಿನ ನಡುವೆ ತಾನು ಮಲಗೋ ತಗ್ಗಿನಲ್ಲಿ, ಮಲಗಿರೋ ಮೊಲ. ಹಕ್ಕೆಯಲ್ಲಿ ಕೂತಾಗ ಕಾಡುಮೊಲ ಎರಡೂ ಕಿವಿಯನ್ನ ಬೆನ್ನಿಗೆ ಒತ್ತಿ ಮಲಗಿಸಿಕೊಳ್ತದೆ. ಆ ಕಿವಿ ಸರಿಯಾಗಿ ಕಪ್ಪು ಪಟ್ಟೆ ಮೇಲೇ ಬೀಳ್ತದೆ, ಹಾಗಾಗಿ ಪಟ್ಟೆ ಪೂರ್ತಿ ಮುಚ್ಚಿಹೋಗ್ತದೆ. ಎಡಗಿವಿ ಅಂಚಿನ ಕೆಳಗೆ, ಭುಜದ ಹತ್ತಿರ, ಒಂದು ಎಳೆ ಕಪ್ಪು ಇಣುಕ್ತಾ ಇದೆ ನೋಡಿ. ಅದೇ ಪಟ್ಟೆಯ ಕೊನೆ. ಕಿವಿ ನೆಟ್ಟಗೆ ಮಾಡಿ, ನಮಗೆ ಬೆನ್ನು ತಿರುಗಿಸಿ ಎದ್ದು ನಿಂತಾಗ ಮಾತ್ರ ಪಟ್ಟೆ ಚೆನ್ನಾಗಿ ಕಾಣೋದು. ಎದುರಿಗೆ ನಿಂತರೆ ಕಾಣೋದೇ ಇಲ್ಲ. ಊರಲ್ಲಿ ಕರಿಕತ್ತು, ಕೆಂಚು ಅಂತ ಎರಡು ಮಾಡಿರೋದಕ್ಕೆ ಕಾರಣ ಬಹುಪಾಲು ಇದೇ ಅಂತ ನನ್ನ ನಂಬಿಕೆ.

ರಾತ್ರಿ ಕಂಡಿದ್ದಕ್ಕೆ ಬಂದರೆ, ಹಳದಿ ಹೆಡ್‌ಲೈಟಲ್ಲಿ ಎಲ್ಲ ಮೊಲವೂ ಕೆಂಚೇ. ದೊಡ್ಡದಾಗಿ ಕಂಡಿದ್ದು ಹೆಣ್ಣಿರಬಹುದು. ಇವುಗಳಲ್ಲಿ ಹೆಣ್ಣು ಗಂಡಿಗಿಂತ ತೂಕ. ಬಣ್ಣವೂ ಅಷ್ಟೆ, ಒಂದೇ ಊರಿನಲ್ಲಿ ಬೂದುಗಂದಿನಿಂದ ಕೆಂಗಂದಿನವರೆಗೆ ಹೆಚ್ಚುಕಮ್ಮಿ ಆಗ್ತದೆ. ಬೆನ್ನಿನ ಒಂದೊಂದು ಕೂದಲಿನಲ್ಲೂ ಕಪ್ಪು, ಕಂದು ಪಟ್ಟೆ ಪಟ್ಟೆ ಇರೋದರಿಂದ ಬೆಳಕು ಬಿದ್ದ ಕಡೆ ಒಂದು ಥರ, ನೆರಳಲ್ಲಿ ಇನ್ನೊಂದು ಥರ ಕಾಣ್ತದೆ. ಮೊಲವನ್ನ ಮೈಬಣ್ಣದಿಂದ ಗುರುತಿಸೋಕೆ ಹೋಗಲೇಬಾರದು ಅನ್ನೋದು ನನ್ನ ಖಂಡಿತ ಅಭಿಪ್ರಾಯ. ಕತ್ತು, ಬಾಲ, ಕಿವಿ ಇಷ್ಟೇ ನೋಡಬೇಕು.

ಕೋಲಾರದ ಅಣ್ಣ ಕೇಳಿದ ಕಂದು ಬಾಲದ್ದೂ ಸುಳ್ಳಲ್ಲ. ಗೋದಾವರಿ ದಾಟಿ ಉತ್ತರಕ್ಕೆ ಹೋದರೆ ಕಾಣೋ ಮೊಲಕ್ಕೆ ಕತ್ತಲ್ಲಿ ಆ ಕಪ್ಪು ಪಟ್ಟೆ ಇಲ್ಲ, ಬಾಲದ ಮೇಲ್ಭಾಗ ಕಂದು. ಹಿಂದೆ ಅದನ್ನ ಲೆಪಸ್ ರುಫಿಕಾಡೇಟಸ್ ಅಂತ ಬೇರೆ ಜಾತಿ ಮಾಡಿದ್ದರು. ಈಗ ನಮ್ಮ ಮೊಲದ್ದೇ ಉಪಜಾತಿ ಅಂತ ಸಾಮಾನ್ಯವಾಗಿ ಒಪ್ಪಿಕೊಂಡಿದ್ದಾರೆ. ರಾಜಸ್ಥಾನ, ಕಚ್ಛ್ ಕಡೆ ಮರಳಿನ ಬಣ್ಣಕ್ಕೆ ಹತ್ತಿರವಾದ ಮಸುಕು ಮೊಲ ಇದೆ, ಅದೂ ಉಪಜಾತಿಯೇ. ನೆಟ್ಟಲ್ಲಿ ಸಿಗೋ ಫೋಟೊಗಳಲ್ಲಿ ಎಷ್ಟೋ ದೆಹಲಿ, ರಾಜಸ್ಥಾನ, ಮಧ್ಯಪ್ರದೇಶದಲ್ಲಿ ತೆಗೆದಿದ್ದು. ಅದನ್ನಿಟ್ಟುಕೊಂಡು ಕೋಲಾರದ ಮೊಲ ಅಳೆದರೆ ಹೊಂದೋದಿಲ್ಲ.

ಪಾವಗಡದ ಹಿರಿಯ

ಬರೆದಿರೋದು ಸರಿಯಾಗಿದೆ. ಆದರೆ ಒಂದು ಮಾತು. ಬಿಲದಲ್ಲಿ ವಾಸ ಮಾಡೋ ಮೊಲ ನಮ್ಮ ಕಡೆ ಉಂಟು. ಹುಡುಗರಾಗಿದ್ದಾಗ ನಾಯಿ ಅಟ್ಟಿದ ಮೊಲ ಸೀದಾ ಬಿಲಕ್ಕೆ ನುಗ್ಗಿದ್ದನ್ನ ಕಣ್ಣಾರೆ ಕಂಡಿದೀನಿ. ಬಯಲಲ್ಲಿ ಮಲಗೋದು ಒಂದು, ಬಿಲದಲ್ಲಿರೋದು ಇನ್ನೊಂದು ಅಂತ ನಮ್ಮ ಲೆಕ್ಕ. ಅದಕ್ಕೇನಂತೀರಪ್ಪ?

ಬಯಲುಸೀಮೆ ನೋಟ (ತುಮಕೂರು)

ಹಿರಿಯರೇ, ನೀವು ಕಂಡಿದ್ದು ನಿಜ. ನಾಯಿ ಬೆನ್ನತ್ತಿದಾಗ ಕಾಡುಮೊಲ ಗುಳ್ಳೆನರಿ ತೋಡಿದ ಬಿಲಕ್ಕೆ, ಬಂಡೆ ಸಂದಿಗೆ, ರಸ್ತೆ ಮೋರಿಗೆ ನುಗ್ಗಿ ಪ್ರಾಣ ಉಳಿಸಿಕೊಳ್ತದೆ. ಆದರೆ ಬಿಲ ತೋಡೋದು, ಅದರಲ್ಲೇ ಮರಿ ಹಾಕೋದು ಮಾಡೋದಿಲ್ಲ. ಬಿಲ ತೋಡಿ ಗುಂಪಲ್ಲಿ ಬಾಳೋದು ಯೂರೋಪಿನ ಮೊಲ, ಒರಿಕ್ಟೋಲೇಗಸ್. ನಾವು ಮನೆಯಲ್ಲಿ, ಫಾರಂಗಳಲ್ಲಿ ಸಾಕೋ ಎಲ್ಲ ಮೊಲದ ಮೂಲ ಅದೇ. ಅದು ನಮ್ಮ ನೆಲದ ಪ್ರಾಣಿಯೇ ಅಲ್ಲ.

ಕಾಡುಮೊಲದ ಹಕ್ಕೆ ಹೆಂಗಿರ್ತದೆ ಅಂತ ತಿಳಿದಿದ್ದರೆ ಅನುಮಾನ ಉಳಿಯಲ್ಲ. ಹುಲ್ಲಿನ ನಡುವೆ ಒಂದು ಮೊಳಕ್ಕೂ ಕಮ್ಮಿ ಉದ್ದದ ತಗ್ಗು. ಮುಂದೆ ಕಿರಿದು, ಹಿಂದೆ ಅಗಲ, ಹಿಂಭಾಗವೇ ಹೆಚ್ಚು ಆಳ, ಯಾಕಂದ್ರೆ ಮಡಿಸಿದ ಹಿಂಗಾಲಿನ ಭಾರ ಅಲ್ಲೇ ಬೀಳೋದು. ಪಕ್ಕದ ಹುಲ್ಲು ಮೈ ಉಜ್ಜಿ ನುಣ್ಣಗಾಗಿರ್ತದೆ. ಈಗ ತಾನೇ ಎದ್ದು ಹೋಗಿದ್ದರೆ ಅಂಗೈ ಇಟ್ಟಾಗ ಬೆಚ್ಚಗಿರ್ತದೆ. ಸುತ್ತಮುತ್ತ ಹಿಕ್ಕೆ ನೋಡಿ. ಆಡಿನ ಹಿಕ್ಕೆ ಉದ್ದನೆ, ಕಪ್ಪು, ಹೊಳಪು. ಮೊಲದ್ದು ಗುಂಡಗೆ, ಸ್ವಲ್ಪ ಚಪ್ಪಟೆ, ಒಣಗಿದರೆ ಹುಲ್ಲಿನ ಬಣ್ಣ. ಬೆರಳಲ್ಲಿ ಪುಡಿ ಮಾಡಿದರೆ ಬರೀ ನಾರು.

ತಿಪಟೂರು ಬಿಎಸ್ಸಿ

ಸರ್, ನನ್ನದೊಂದು ಪ್ರಶ್ನೆ. ಬುಕ್ಕಾಪಟ್ಟಣ ಕಡೆ ಕುರುಚಲು ಕಾಡಿನ ಅಂಚಿನಲ್ಲಿ ಬಳ್ಳಾರಿ ಜಾಲಿ ಬುಡದಲ್ಲಿ ಒಂದು ತಲೆಬುರುಡೆ ಸಿಕ್ತು. ಅಂಗೈಯಲ್ಲಿ ಹಿಡಿಸೋ ಅಷ್ಟು. ಮುಂದಿನ ಹಲ್ಲು ಉದ್ದ ಇವೆ, ಹಾಗಾಗಿ ಜೊತೆಗಿದ್ದವರು ಹೆಗ್ಗಣದ್ದು ಅಂದರು. ಮೂತಿಯ ಪಕ್ಕದಲ್ಲಿ ಮೂಳೆ ಪೂರ್ತಿ ತೂತು ತೂತಾಗಿದೆ. ಮುರಿದು ಹಾಗಾಯ್ತೋ ಏನೋ ಗೊತ್ತಾಗ್ತಿಲ್ಲ. ಫೋಟೊ ತೆಗೆದು ಅಲ್ಲೇ ಬಿಟ್ಟು ಬಂದೆ.

ಪಶುವೈದ್ಯೆ (ಚಿಂತಾಮಣಿ)

ಅದು ಮೊಲದ್ದೇ ಅಪ್ಪಾ. ಆ ತೂತು ಮುರಿದು ಆಗಿದ್ದಲ್ಲ. ಮೊಲದ ಮೇಲ್ದವಡೆ ಮೂಳೆ ಹುಟ್ಟಾ ಜಾಲರಿಯೇ. ನಿನ್ನ ಎರಡನೇ ಫೋಟೊದಲ್ಲಿ ಬುರುಡೆ ಅಂಗಾತ ಇದೆ, ಮುಂದಿನ ಹಲ್ಲಿನ ಹಿಂದೆ ಗಮನಿಸು. ದೊಡ್ಡ ಎರಡು ಹಲ್ಲಿನ ಬೆನ್ನಿಗೆ ಅಂಟಿಕೊಂಡ ಹಾಗೆ ಚಿಕ್ಕ ಮೊಳೆಹಲ್ಲು ಎರಡು ಇವೆ. ಮೇಲ್ದವಡೆಯಲ್ಲಿ ಹೀಗೆ ಎರಡು ಸಾಲು ಬಾಚಿಹಲ್ಲು ಇರೋದು ಮೊಲದ ವರ್ಗಕ್ಕೆ ಮಾತ್ರ. ಇಲಿ, ಹೆಗ್ಗಣ, ಮುಳ್ಳುಹಂದಿ, ಅಳಿಲು ಯಾವುದಕ್ಕೂ ಇಲ್ಲ. ಇನ್ನೊಂದು, ಹೆಗ್ಗಣದ ಹಲ್ಲಿನ ಮುಂಭಾಗ ಹಳದಿ ಕಿತ್ತಳೆ. ಮೊಲದ್ದು ಬಿಳಿ, ಮೇಲಿನ ಹಲ್ಲಿನ ನಡುವೆ ಉದ್ದಕ್ಕೆ ಒಂದು ಗೀರು. ನಿನ್ನ ಫೋಟೊದಲ್ಲಿ ಗೀರು ಸ್ಪಷ್ಟ ಇದೆ.

ಕಾಡುಮೊಲದ್ದೋ ಸಾಕುಮೊಲದ್ದೋ ಅಂತ ಬುರುಡೆಯಿಂದಲೂ ಹೇಳಬಹುದು. ತಲೆಯ ಹಿಂಭಾಗದ ನಡುವೆ ಒಂದು ಸಣ್ಣ ಮೂಳೆ ಇರ್ತದೆ. ಸಾಕುಮೊಲದಲ್ಲಿ ಅದರ ಸುತ್ತ ಬೆಸುಗೆ ಗೆರೆ ದೊಡ್ಡದಾದ ಮೇಲೂ ಉಳಿದಿರ್ತದೆ. ಬೆಳೆದ ಕಾಡುಮೊಲದಲ್ಲಿ ಅದು ಪಕ್ಕದ ಮೂಳೆ ಜೊತೆ ಸೇರಿ ಗೆರೆ ಅಳಿಸಿಹೋಗ್ತದೆ. ಮೇಲಿಂದ ತೆಗೆದ ಫೋಟೊ ಇದ್ದರೆ ಹಾಕು, ನೋಡೋಣ.

ಈ ಚರ್ಚೆಯಲ್ಲಿ ಇನ್ನೊಂದು ವಿಷಯ ಸೇರಿಸಲೇಬೇಕು. ನಮ್ಮ ಕಡೆ ಕಾಡುಮೊಲ ಅಂತ ತಪ್ಪು ತಿಳಿಯೋದಕ್ಕೆ ನಿಜವಾಗಿ ಅವಕಾಶ ಇರೋದು ಬೂದು ಬಣ್ಣದ ಸಾಕುಮೊಲದಿಂದ. ಬಿಳಿ ನ್ಯೂಜಿಲೆಂಡ್ ವೈಟ್ ಆದರೆ ಯಾರೂ ಗೊಂದಲ ಮಾಡ್ಕೊಳ್ಳಲ್ಲ. ಸೋವಿಯೆತ್ ಚಿಂಚಿಲ್ಲಾ, ಗ್ರೇ ಜೈಂಟ್ ಥರದ ತಳಿಗಳು ಬೂದು. ಮೊಲ ಸಾಕಾಣಿಕೆಗೆ ದುಡ್ಡು ಹಾಕಿ, ಕೊಳ್ಳೋರಿಲ್ಲದೆ ಕೈಸುಟ್ಟುಕೊಂಡವರು ನಮ್ಮ ತಾಲೂಕಲ್ಲೂ ಇದಾರೆ. ಅಂಥ ಒಂದು ಕಡೆ ಪಂಜರ ತೆಗೆದು ಬೆಟ್ಟದ ಬುಡಕ್ಕೆ ಬಿಟ್ಟುಬಿಟ್ಟಿದ್ದರು. 'ಕಾಡುಮೊಲಕ್ಕೆ ಕಾಯಿಲೆ, ಓಡ್ತಾನೇ ಇಲ್ಲ' ಅಂತ ನನಗೆ ಫೋನ್ ಬಂತು. ಹೋಗಿ ನೋಡಿದರೆ ಸಾಕುಮೊಲ. ಕಾಯಿಲೆ ಏನೂ ಇರಲಿಲ್ಲ, ಅದಕ್ಕೆ ಮನುಷ್ಯರ ಭಯವೇ ಇರಲಿಲ್ಲ ಅಷ್ಟೆ.

ಕಾಡುಮೊಲದ ಕಿವಿ ತಲೆಗಿಂತ ಉದ್ದ. ಸಾಕುಮೊಲದ್ದು, ಜೋತಾಡೋ ಕಿವಿಯ ತಳಿ ಬಿಟ್ಟರೆ, ಮೈಗೆ ಹೋಲಿಸಿದಾಗ ಗಿಡ್ಡ. ಕಾಡುಮೊಲ ನಿಂತರೆ ಕಾಲೇ ಕಾಲು, ಹಿಂಭಾಗ ಎತ್ತರ. ಸಾಕುಮೊಲ ಗುಂಡಗೆ, ನೆಲಕ್ಕೆ ಹತ್ತಿರ. ಕಂದು ಸಾಕುಮೊಲದ ಕತ್ತಿನ ಹಿಂದೆಯೂ ಒಂದು ಮಚ್ಚೆ ಇರಬಹುದು, ಆದರೆ ಅದು ಕಿತ್ತಳೆ ಮಿಶ್ರಿತ ಕಂದು, ಕಪ್ಪಲ್ಲ. ಈ ಒಂದು ಗುರುತು ಬೇರೆ ಎಲ್ಲಕ್ಕಿಂತ ಗಟ್ಟಿ.

ಅಂತರಗಂಗೆ ದಾರಿ (ಕೋಲಾರ)

ಮೇಡಂ, ಹಂಗೆ ಬಿಟ್ಟ ಸಾಕುಮೊಲ ಕಾಡುಮೊಲದ ಜೊತೆ ಸೇರಿ ಮಿಶ್ರ ತಳಿ ಹುಟ್ಟಲ್ವಾ? ನಮ್ಮ ಕಡೆ ಬೂದು ಮೊಲ ಜಾಸ್ತಿ ಕಾಣೋದಕ್ಕೆ ಅದೇ ಕಾರಣ ಇರಬಹುದಾ?

ಪಶುವೈದ್ಯೆ (ಚಿಂತಾಮಣಿ)

ಹುಟ್ಟಲ್ಲ. ಕಾಡುಮೊಲಕ್ಕೆ 48 ವರ್ಣತಂತು, ಸಾಕುಮೊಲಕ್ಕೆ 44. ಎರಡೂ ಬೇರೆ ಬೇರೆ ಕುಲ. ಎರಡಕ್ಕೂ ಹುಟ್ಟಿದ್ದು ಅಂತ ಯಾರಾದರೂ ಮೊಲ ಮಾರಿದರೆ ನಂಬಬೇಡಿ.

ಬಿಟ್ಟ ಸಾಕುಮೊಲಕ್ಕೂ ಒಳ್ಳೇದಾಗಲ್ಲ. ನಾಯಿ, ನರಿ, ಕಾಡುಬೆಕ್ಕು, ಕೊಂಬಿನ ಗೂಬೆ ಎಲ್ಲ ಇರೋ ಜಾಗದಲ್ಲಿ ಅಡಗಿ ಕೂರೋದನ್ನೇ ಕಲಿಯದ ಪ್ರಾಣಿ ಅದು. ಬಹುಪಾಲು ಬೇಗ ಸಾಯ್ತವೆ. ಬದುಕಿ ಉಳಿದರೆ ಇನ್ನೊಂದು ಕಷ್ಟ. 1859ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಬೇಟೆ ಶೋಕಿಗೆ ಒಬ್ಬ ಜಮೀನ್ದಾರ ಬಿಟ್ಟ ಕೆಲವೇ ಮೊಲದಿಂದ ಆ ದೇಶದ ಹುಲ್ಲುಗಾವಲು ಏನಾಯ್ತು ಅಂತ ಶಾಲೆ ಮಕ್ಕಳೂ ಓದಿರ್ತಾರೆ. ನನಗೆ ಅದಕ್ಕಿಂತ ಹೆಚ್ಚು ಚಿಂತೆ ಕಾಯಿಲೆಯದ್ದು. ಸಾಕುಮೊಲದಲ್ಲಿ ರಕ್ತಸ್ರಾವ ಆಗಿ ಸಾಯಿಸೋ ಆರ್‌ಎಚ್‌ಡಿ ಅನ್ನೋ ವೈರಸ್ ಕಾಯಿಲೆ ಇದೆ. ಅದರ ಎರಡನೇ ಮಾದರಿ 2010ರಲ್ಲಿ ಫ್ರಾನ್ಸಿನಲ್ಲಿ ಪತ್ತೆ ಆಯ್ತು, ಅದು ಹಲವು ಜಾತಿ ಕಾಡುಮೊಲಕ್ಕೂ ತಗುಲಿದೆ. ಆದ್ದರಿಂದ ಸಾಕೋಕೆ ಆಗದಿದ್ದರೆ ಇನ್ನೊಬ್ಬರು ಸಾಕೋರಿಗೆ ಕೊಡಿ. ಬೆಟ್ಟಕ್ಕೆ, ಗೋಮಾಳಕ್ಕೆ ತಂದು ಬಿಡೋದು ಪುಣ್ಯದ ಕೆಲಸ ಅಲ್ಲವೇ ಅಲ್ಲ.

ಗೌರಿಬಿದನೂರು ಮೆಕ್ಕೆಜೋಳ

ಅಕ್ಕಾ, ಸರ್, ತುರ್ತಾಗಿ ಒಂದು ಮಾತು ಹೇಳಿ. ಬೆಳಿಗ್ಗೆ ಹೊಲದ ಬದು ಸವರ್ತಾ ಇದ್ದಾಗ ಕೂಲಿಯವರಿಗೆ ಎರಡು ಮೊಲದ ಮರಿ ಸಿಕ್ಕಿವೆ. ತಾಯಿ ಕಾಣಲಿಲ್ಲ ಅಂತ ಮನೆಗೆ ತಂದಿದಾರೆ. ಮಗಳು ಹಸುವಿನ ಹಾಲು ಹತ್ತಿಯಲ್ಲಿ ಅದ್ದಿ ಕುಡಿಸ್ತೀನಿ ಅಂತ ಕೂತವಳೆ. ಮೈ ತುಂಬ ಕೂದಲಿದೆ, ಕಣ್ಣು ಬಿಟ್ಟಿವೆ, ಮುಟ್ಟಿದರೂ ಅಲ್ಲಾಡಲ್ಲ. ಇವು ಕಾಡುಮೊಲದ್ದಾ, ಯಾರಾದರೂ ಬಿಟ್ಟು ಹೋದ ಸಾಕುಮೊಲದ್ದಾ? ಏನು ಮಾಡಲಿ?

ಪಶುವೈದ್ಯೆ (ಚಿಂತಾಮಣಿ)

ಹಾಲು ಕುಡಿಸಬೇಡಿ, ಮಗಳಿಗೆ ಈಗಲೇ ಹೇಳಿ. ಹಸುವಿನ ಹಾಲಿಗೆ ಭೇದಿ ಹತ್ತಿಕೊಳ್ತದೆ, ಹತ್ತಿಯಿಂದ ಹಿಂಡಿದ ಹಾಲು ಶ್ವಾಸಕ್ಕೆ ಹೋದರೆ ಅಲ್ಲೇ ಮುಗೀತು.

ಅಂಗೈಯಲ್ಲಿ ಹಿಡಿಸೋ ಗಾತ್ರ, ಮೈ ತುಂಬ ಕೂದಲು, ಕಣ್ಣು ಬಿಟ್ಟಿದೆ, ಬಯಲಲ್ಲೇ ಸಿಕ್ಕಿದೆ ಅಂದರೆ ಕಾಡುಮೊಲದ್ದು. ಸಾಕುಮೊಲದ ಮರಿ ತಿಂಗಳಿಗೇ ಹುಟ್ಟಿಬಿಡ್ತದೆ, ಬೆತ್ತಲೆ ಮೈ, ಮುಚ್ಚಿದ ಕಣ್ಣು, ಗೂಡಿನ ಒಳಗೆ. ಕಾಡುಮೊಲ ಇನ್ನೂ ಹತ್ತು ದಿನಕ್ಕಿಂತ ಹೆಚ್ಚು ಹೊಟ್ಟೆಯಲ್ಲಿಟ್ಟುಕೊಂಡು ಹೆರ್ತದೆ. ಅದಕ್ಕೇ ಹುಟ್ಟುವಾಗಲೇ ಕೂದಲು, ತೆರೆದ ಕಣ್ಣು ಎರಡೂ ಇರೋದು.

ತಾಯಿ ಬಿಟ್ಟು ಹೋಗಿಲ್ಲ. ಕಾಡುಮೊಲ ಮರಿ ಪಕ್ಕದಲ್ಲಿ ಕೂತು ಕಾಯೋದೇ ಇಲ್ಲ. ಕಾದರೆ ಅದರ ವಾಸನೆಗೆ ನರಿ ಬರ್ತದೆ. ದಿನಕ್ಕೆ ಒಂದು ಸಲ, ಕತ್ತಲಾಗ್ತಿದ್ದ ಹಾಗೆ ಬಂದು, ಕೆಲವೇ ನಿಮಿಷ ಹಾಲು ಕೊಟ್ಟು ಹೋಗಿಬಿಡ್ತದೆ. ಹಗಲೆಲ್ಲ ಮರಿ ಅಲ್ಲಾಡದೆ ಕೂರೋದು ಜಡ್ಡಿಗಲ್ಲ, ಅದೇ ಅದರ ರಕ್ಷಣೆ.

ಇವತ್ತು ಸಂಜೆಯೊಳಗೆ ಅದೇ ಜಾಗಕ್ಕೆ ಇಟ್ಟು ಬನ್ನಿ. ಬರಿಗೈಯಲ್ಲಿ ಮುಟ್ಟದೆ ಒಂದು ಹಿಡಿ ಹಸಿ ಹುಲ್ಲಲ್ಲಿ ಹಿಡಿದು ಎತ್ತಿ. ಆ ಬದು ಸವರಿ ಬೋಳಾಗಿದ್ದರೆ ಹತ್ತಾರು ಹೆಜ್ಜೆಯೊಳಗೆ ಹುಲ್ಲಿರೋ ಕಡೆ ಇಡಿ, ಹೆಚ್ಚು ದೂರ ಬೇಡ. ಇಟ್ಟ ಮೇಲೆ ನಿಂತು ನೋಡಬೇಡಿ, ನಾಯಿ ಕಟ್ಟಿಹಾಕಿ. ಗಾಯ ಇದ್ದರೆ ಮಾತ್ರ ಬೇರೆ ಮಾತು, ಆಗ ವಲಯ ಅರಣ್ಯ ಕಚೇರಿಗೆ ತಿಳಿಸಿ.

ಬಯಲುಸೀಮೆ ನೋಟ (ತುಮಕೂರು)

ಡಾಕ್ಟರ್ ಹೇಳಿದ್ದರ ಜೊತೆ ಒಂದು ಮಾತು. ಕಾಡುಮೊಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಬರ್ತದೆ. ಹಿಡಿಯೋದು, ಕೊಲ್ಲೋದು, ಮನೆಯಲ್ಲಿ ಸಾಕೋದು ಎಲ್ಲ ಅಪರಾಧ. ಸಾಕುಮೊಲಕ್ಕೆ ಆ ಕಾಯ್ದೆ ಅನ್ವಯ ಆಗಲ್ಲ. ಗುರುತಿಸೋದು ಗೊತ್ತಿರಬೇಕು ಅಂತ ನಾನು ಇಷ್ಟು ಒತ್ತಿ ಹೇಳೋದು ಇದಕ್ಕೂ ಸೇರಿಯೇ. ಯುಗಾದಿ ಹೊಸತೊಡಕಿನ ಬೇಟೆ, ಉರುಳು, ರಾತ್ರಿ ಟಾರ್ಚ್ ಹಾಕಿ ಹೊಡೆಯೋದು ನಮ್ಮ ಕೆಲವು ಹೋಬಳಿಗಳಲ್ಲಿ ಇನ್ನೂ ನಿಂತಿಲ್ಲ. ಮೊಲ ಎಷ್ಟಾದರೂ ಹುಟ್ತವೆ ಬಿಡಿ ಅನ್ನೋರಿಗೆ ಒಂದೇ ಉತ್ತರ: ಕಾಡುಮೊಲ ಸಾಕುಮೊಲದ ಲೆಕ್ಕದಲ್ಲಿ ಮರಿ ಹಾಕಲ್ಲ. ಒಂದು ಸೂಲಿಗೆ ಸಾಮಾನ್ಯವಾಗಿ ಒಂದರಿಂದ ನಾಲ್ಕು.

ಪಾವಗಡದ ಹಿರಿಯ

ಹಬ್ಬದ ಮಾತು ಬಂತಲ್ಲ. ಚಿತ್ರದುರ್ಗದ ಕಡೆ ಸಂಕ್ರಾಂತಿಗೆ ಮೊಲ ಹಿಡಿದು ತಂದು, ಪೂಜೆ ಮಾಡಿ, ಮತ್ತೆ ಕಾಡಿಗೆ ಬಿಡೋ ಪದ್ಧತಿ ಉಂಟು. ಕೊಲ್ಲೋದಕ್ಕಿಂತ ಅದು ಎಷ್ಟೋ ವಾಸಿ ಅಂತ ನನ್ನ ಮನಸ್ಸಿಗೆ ಅನ್ನಿಸ್ತಿತ್ತು.

ಪಶುವೈದ್ಯೆ (ಚಿಂತಾಮಣಿ)

ಕೊಲ್ಲದೆ ಬಿಡ್ತಾರೆ ಅನ್ನೋ ಭಾವ ದೊಡ್ಡದೇ, ಹಿರಿಯರೇ. ಆದರೆ ಬಲೆಗೆ ಸಿಕ್ಕ ಕಾಡುಮೊಲದ ಎದೆ ಹೊಡ್ಕೊಳ್ಳೋದನ್ನ ಕೈಯಲ್ಲಿ ಹಿಡಿದು ನೋಡಿದವಳು ನಾನು. ಗಾಯ ಇಲ್ಲದಿದ್ದರೂ ಹೆದರಿಕೆಗೇ ಸಾಯೋ ಪ್ರಾಣಿ. ಬಿಟ್ಟಾಗ ಓಡಿಹೋಯ್ತು ಅಂದ ಮಾತ್ರಕ್ಕೆ ಬದುಕ್ತು ಅಂತ ಹೇಳೋಕಾಗಲ್ಲ. ಹಿಡಿಯದೆ ಪೂಜಿಸಿದರೆ ದೇವರು ಬೇಡ ಅನ್ನಲ್ಲ.

ತಿಪಟೂರು ಬಿಎಸ್ಸಿ

ಮೇಡಂ, ಮೇಲಿಂದ ತೆಗೆದ ಫೋಟೊ ಹಾಕಿದೀನಿ. ಹಿಂದಲೆಯಲ್ಲಿ ಬೇರೆ ಗೆರೆ ಕಾಣ್ತಿಲ್ಲ. ಹಾಗಾದರೆ ಬೆಳೆದ ಕಾಡುಮೊಲ ಅಂತ ಬರೆದುಕೊಳ್ಳಲಾ? ಕಾಲೇಜಲ್ಲಿ ಹಿಸ್ಪಿಡ್ ಮೊಲ ಅಂತ ಒಂದು ಓದಿದ್ವಿ, ಅದು ಇಲ್ಲಿ ಇರೋ ಸಾಧ್ಯತೆ ಇಲ್ವಾ?

ಬಯಲುಸೀಮೆ ನೋಟ (ತುಮಕೂರು)

ಬೆಳೆದ ಕಾಡುಮೊಲ ಅಂತಲೇ ಬರೆದುಕೊ. ಹಿಸ್ಪಿಡ್ ಮೊಲ ಇಲ್ಲಿ ಇಲ್ಲ. ಅದು ಹಿಮಾಲಯದ ಬುಡದ ಎತ್ತರ ಹುಲ್ಲಿನ ತೆರಾಯ್, ಅಸ್ಸಾಂ ಕಡೆಯದ್ದು. ಗಿಡ್ಡ ಕಿವಿ, ಒರಟು ಕೂದಲು, ಹಿಂಗಾಲು ಮುಂಗಾಲಿಗಿಂತ ಅಷ್ಟೇನೂ ಉದ್ದ ಇಲ್ಲ. ಪೂರ್ತಿ ನಶಿಸಿಹೋಯ್ತೇನೋ ಅಂದುಕೊಂಡಿದ್ದಾಗ 1971ರಲ್ಲಿ ಅಸ್ಸಾಮಿನಲ್ಲಿ ಮತ್ತೆ ಸಿಕ್ಕಿತು. ಲಡಾಖ್, ಸಿಕ್ಕಿಂ ಎತ್ತರದಲ್ಲಿ ಉಣ್ಣೆ ಮೊಲ ಅಂತ ಇನ್ನೊಂದಿದೆ. ಬೇರೆ ಬೇರೆ ಜಾತಿ ಬಿಡಿಸಿ ಗುರುತಿಸೋ ಕಷ್ಟ ಅಲ್ಲಿನವರದು.

ಹುರುಳಿಹೊಲ (ಮಧುಗಿರಿ)

ಎಲ್ಲರಿಗೂ ಧನ್ಯವಾದ. ಫೋಟೊ ದೊಡ್ಡದು ಮಾಡಿ ನೋಡಿದೆ. ಮಲಗಿರೋದರ ಕಿವಿ ಕೆಳಗೆ ಕಪ್ಪು ಇದೆ. ರಾತ್ರಿದರ ಬಾಲವೂ ಮೇಲ್ಗಡೆ ಕಪ್ಪೇ. ಇವತ್ತು ಸಂಜೆ ಬದುವಿನ ಹತ್ತಿರ ಸುಮ್ಮನೆ ಕೂತಿದ್ದೆ. ಒಂದು ಬಂದು ಹುರುಳಿ ಮೇಯ್ತಿತ್ತು, ಕಿವಿ ಇಳಿಸಿದಾಗ ಕಂದು ಮೊಲ, ಎತ್ತಿದಾಗ ಕರಿಕತ್ತಿನ ಮೊಲ. ನಮ್ಮಪ್ಪನ್ನೂ ಕರೆದು ತೋರಿಸಿದೆ.

ಇನ್ನೊಂದು ಕೇಳಬೇಕಿತ್ತು. ಮುಂದಿನ ವಾರ ಪಕ್ಕದ ಹೊಲದವರು ರಾಗಿ ಕುಯ್ಲಿಗೆ ಮಿಷನ್ ಕರೆಸ್ತಾ ಇದಾರೆ. ಕೈಕುಯ್ಲಲ್ಲಾದರೆ ಮರಿ ಕಣ್ಣಿಗೆ ಬೀಳ್ತವೆ. ಮಿಷನ್‌ಗೆ ಏನು ಮಾಡೋದು?

ಬಯಲುಸೀಮೆ ನೋಟ (ತುಮಕೂರು)

ಮಿಷನ್‌ನವರು ಸಾಮಾನ್ಯವಾಗಿ ಅಂಚಿನಿಂದ ಸುತ್ತು ಹಾಕ್ತಾ ನಡುವಿಗೆ ಬರ್ತಾರೆ. ಹಾಗೆ ಮಾಡಿದರೆ ಮೊಲ, ಗೌಜಲಕ್ಕಿ, ಏನೇ ಇದ್ದರೂ ನಡುವೆ ಉಳಿದ ಪೈರಿಗೆ ಸೇರಿಕೊಂಡು ಕೊನೇ ಸುತ್ತಿನಲ್ಲಿ ಸಿಕ್ಕಿಬೀಳ್ತವೆ. ನಡುವಿಂದ ಶುರು ಮಾಡಿ ಅಂಚಿನ ಕಡೆಗೆ ಕೊಯ್ಯೋಕೆ ಹೇಳಿ, ಅಥವಾ ಒಂದು ಬದಿಯಿಂದ ಗೋಮಾಳದ ಕಡೆಗೆ ಸಾಗಲಿ, ದೊಡ್ಡವು ತಾವಾಗೇ ಆಚೆ ಹೋಗ್ತವೆ. ಮರಿ ಮಾತ್ರ ಓಡಲ್ಲ. ಅದಕ್ಕೆ ಮಿಷನ್ ಇಳಿಯೋ ಮುಂಚೆ ಇಬ್ಬರು ಮೂವರು ಸಾಲಾಗಿ ಒಂದು ಸಲ ಹೊಲದ ಉದ್ದಕ್ಕೆ ನಡೆದು ನೋಡಲಿ, ಬದುವಿನ ಬುಡದಲ್ಲಿ ಹೆಚ್ಚು ಗಮನ ಇರಲಿ. ಸಿಕ್ಕಿದರೆ ಹುಲ್ಲಲ್ಲಿ ಎತ್ತಿ ಪಕ್ಕದ ಬದುವಿಗೆ ಇಟ್ಟರಾಯ್ತು.

ಗೌರಿಬಿದನೂರು ಮೆಕ್ಕೆಜೋಳ

ಎರಡೂ ಮರಿ ಅದೇ ಬದುವಿಗೆ ಇಟ್ಟು ಬಂದ್ವಿ ಅಕ್ಕಾ, ಹಾಲು ಕುಡಿಸಲಿಲ್ಲ. ಆ ಕಡೆ ಸವರೋದು ಸದ್ಯಕ್ಕೆ ನಿಲ್ಲಿಸಿದೀನಿ. ಕೂಲಿಯವರಿಗೂ ಹೇಳಿದೀನಿ, ಇನ್ನು ಮರಿ ಕಂಡರೆ ಆ ಜಾಗ ಬಿಟ್ಟು ಮುಂದಕ್ಕೆ ಸವರ್ತಾರೆ.